ಆನ್‌ಲೈನ್‌ನಲ್ಲಿ ಯಾವ ಸರಕು ಗಿಟ್ಟುತ್ತದೆ? ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಸಗಟು ಅಂಗಡಿಯಲ್ಲಿ 210 ರೂಪಾಯಿಗೆ ಸಿಗುವ ಸರಕು ಆನ್‌ಲೈನ್‌ನಲ್ಲಿ 499ಕ್ಕೆ ಹೋಗುತ್ತಿರುತ್ತದೆ. ನಡುವೆ 289 ರೂಪಾಯಿ ಇದೆಯಲ್ಲ ಎಂದು ಲೆಕ್ಕ ಹಾಕಿ ಮನೆ ತುಂಬ ಮಾಲು ಇಳಿಸಿಕೊಳ್ಳುವವರು ಬಹಳ. ಆರ್ಡರ್ ಬರುವುದಿಲ್ಲ ಎಂದಲ್ಲ, ಬರುತ್ತವೆ. ಮೂರು ತಿಂಗಳಾದ ಮೇಲೆ ಬ್ಯಾಂಕ್ ಖಾತೆ ನೋಡಿದರೆ ಹಾಕಿದ ಅಸಲೂ ಪೂರ್ತಿ ಹಿಂದಿರುಗಿರುವುದಿಲ್ಲ. ಮಾರಾಟವಾಗುವ ಸರಕನ್ನು ಹುಡುಕುವುದು ಸುಲಭ, ಅಮೆಜಾನ್, ಫ್ಲಿಪ್‌ಕಾರ್ಟ್‌ಗಳೇ ಪಟ್ಟಿ ಮಾಡಿ ತೋರಿಸುತ್ತವೆ. ಗಿಟ್ಟುವ ಸರಕನ್ನು ಹುಡುಕಲು ಒಂದು ಪೀಸಿನ ಲೆಕ್ಕವನ್ನು ಕೊನೆಯ ರೂಪಾಯಿಯವರೆಗೂ ಬಿಡಿಸಬೇಕು. ಅದನ್ನು ಸರಕು ಕೊಳ್ಳುವ ಮೊದಲೇ ಮಾಡಬೇಕು.

ಈ ಲೇಖನದಲ್ಲಿ ಉದ್ದಕ್ಕೂ ಎರಡು ಸರಕುಗಳನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇವೆ: ಖಣದ ರವಿಕೆ ಬಟ್ಟೆ ಮತ್ತು ಅಡಿಕೆ ಹಾಳೆಯ ತಟ್ಟೆ. ಎರಡೂ ಕರ್ನಾಟಕದಲ್ಲೇ ತಯಾರಾಗುವಂಥವು, ಎರಡಕ್ಕೂ ಹೊರಗೆ ಬೇಡಿಕೆ ಇದೆ. ಆದರೆ ಒಂದು ಸುಲಭವಾಗಿ ಗಿಟ್ಟುತ್ತದೆ, ಇನ್ನೊಂದು ಒದ್ದಾಡಿಸುತ್ತದೆ.

ಒಂದು ಪೀಸಿನ ಲೆಕ್ಕ

ಪವರ್‌ಲೂಮ್ ಖಣದ ಮೂರು ರವಿಕೆ ಬಟ್ಟೆಗಳ ಒಂದು ಕಟ್ಟು, ಮಾರುವ ಬೆಲೆ 499. ಕೆಳಗಿನ ದರಗಳು ಲೆಕ್ಕ ತೋರಿಸಲು ಹಾಕಿಕೊಂಡವು. ನಿಮ್ಮ ಸರಕಿನ ನಿಜವಾದ ಕಮಿಷನ್ ಮತ್ತು ಶಿಪ್ಪಿಂಗ್ ದರವನ್ನು ಆಯಾ ತಾಣದ ಸೆಲ್ಲರ್ ಪುಟದಲ್ಲಿರುವ ಫೀ ಕ್ಯಾಲ್ಕ್ಯುಲೇಟರ್‌ನಲ್ಲಿ ನೋಡಿ ತುಂಬಿಕೊಳ್ಳಿ.

499ರಲ್ಲಿ 5% ಜಿಎಸ್‌ಟಿ ಸೇರಿದೆ. 499ನ್ನು 1.05ರಿಂದ ಭಾಗಿಸಿದರೆ 475. ನಿಮ್ಮ ದುಡ್ಡು ಇಷ್ಟೇ, ಉಳಿದ 24 ಸರ್ಕಾರದ್ದು. ಇಲ್ಲಿಂದ ಕಳೆಯುತ್ತಾ ಹೋಗಿ:

- ಬಟ್ಟೆಯ ಅಸಲು, ಒಂದಕ್ಕೆ 70ರಂತೆ ಮೂರಕ್ಕೆ: 210
- ಕಮಿಷನ್ 60, ಕ್ಲೋಸಿಂಗ್ ಫೀ (ಪ್ರತಿ ಮಾರಾಟಕ್ಕೂ ತಾಣ ಹಾಕುವ ಶುಲ್ಕ) 20, ಶಿಪ್ಪಿಂಗ್ 70: ಒಟ್ಟು 150
- ಕವರ್, ಟೇಪು, ಲೇಬಲ್: 12
- ಜಾಹೀರಾತು: 30
- ವಾಪಸ್ ಬಂದ ಪಾರ್ಸೆಲ್‌ಗಳ ಪಾಲು: 13

ಕೈಯಲ್ಲಿ ಉಳಿದದ್ದು 60 ರೂಪಾಯಿ. 289 ಎಂದುಕೊಂಡದ್ದು 60ಕ್ಕೆ ಬಂತು, ಅಂದರೆ ಮಾರಿದ ಬೆಲೆಯಲ್ಲಿ 12%. ಇದು ಕೆಟ್ಟ ಸರಕೇನಲ್ಲ, ಪರವಾಗಿಲ್ಲ ಎನ್ನುವಂಥ ಸರಕು. ಹೊಸಬರು ಕನಿಷ್ಠ 15% ಉಳಿಯುವುದನ್ನೇ ಹುಡುಕುವುದು ಒಳ್ಳೆಯದು, ಏಕೆಂದರೆ ಮೊದಲ ಆರು ತಿಂಗಳಲ್ಲಿ ಪ್ರತಿಯೊಂದು ಖರ್ಚೂ ಅಂದಾಜಿಗಿಂತ ಮೇಲಕ್ಕೇ ಹೋಗುತ್ತದೆ.

ಕಮಿಷನ್ ಮತ್ತು ಶಿಪ್ಪಿಂಗ್ ಮೇಲೆ ತಾಣ 18% ಜಿಎಸ್‌ಟಿ ಹಾಕುತ್ತದೆ, ಮೇಲಿನ 150ಕ್ಕೆ 27 ರೂಪಾಯಿ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದವರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಂಡು, ಪಡೆಯುತ್ತಾರೆ, ಆದ್ದರಿಂದ ಇಲ್ಲಿ ಸೇರಿಸಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ) ಇರುವವರಿಗೂ ನೋಂದಣಿ ಇಲ್ಲದವರಿಗೂ ಆ ಕ್ರೆಡಿಟ್ ಸಿಗುವುದಿಲ್ಲ. ಬಟ್ಟೆ ಕೊಂಡಾಗ ಕಟ್ಟಿದ ಜಿಎಸ್‌ಟಿಯೂ ಹಾಗೆಯೇ. ಅಂಥವರು ಈ ಎರಡನ್ನೂ ಖರ್ಚಿನ ಸಾಲಿಗೇ ಬರೆದುಕೊಳ್ಳಬೇಕು.

ತಾಣ ನಿಮಗೆ ಹಣ ಹಾಕುವಾಗ ಜಿಎಸ್‌ಟಿ ಕಾಯಿದೆಯಡಿ 0.5% ಟಿಸಿಎಸ್ (2024ರ ಜುಲೈ 10ಕ್ಕೆ ಮೊದಲು ಅದು 1% ಇತ್ತು) ಮತ್ತು ಆದಾಯ ತೆರಿಗೆಯಡಿ 0.1% ಟಿಡಿಎಸ್ ಹಿಡಿದುಕೊಳ್ಳುತ್ತದೆ. ಇವು ಖರ್ಚಲ್ಲ, ರಿಟರ್ನ್ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತವೆ. ಆದರೂ ಅಷ್ಟು ದಿನ ಆ ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ ಎಂಬುದು ನೆನಪಿರಲಿ.

ಕಮಿಷನ್ ಇಲ್ಲ ಎಂಬ ಮಾತಿಗೆ ಮರುಳಾಗಬೇಡಿ. ಮೀಶೋ ಮಾರುವವರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಅಮೆಜಾನ್ 2025ರ ಏಪ್ರಿಲ್‌ನಿಂದ 300 ರೂಪಾಯಿಗಿಂತ ಕಡಿಮೆ ಬೆಲೆಯ ಬಹಳಷ್ಟು ಬಗೆಯ ಸರಕುಗಳಿಗೆ ಕಮಿಷನ್ ಬಿಟ್ಟಿತು. ಒಳ್ಳೆಯದೇ. ಆದರೆ ಎಲ್ಲರಿಗೂ ಬಿಟ್ಟಾಗ ಎಲ್ಲರೂ ಬೆಲೆ ಇಳಿಸುತ್ತಾರೆ, ಉಳಿದ ಕಮಿಷನ್ ಗ್ರಾಹಕನ ಜೇಬಿಗೆ ಹೋಗುತ್ತದೆ. ಈ ದರಗಳು ವರ್ಷಕ್ಕೆ ಎರಡು ಸಲವಾದರೂ ಬದಲಾಗುತ್ತವೆ, ಹಳೆಯ ಹಾಳೆ ಹಿಡಿದು ಹೊಸ ಲಾಟು ಕೊಳ್ಳಬೇಡಿ.

ತಕ್ಕಡಿ ಒಂದು, ಟೇಪು ಒಂದು

ಸಗಟು ಮಾರುಕಟ್ಟೆಗೆ ಹೋಗುವಾಗ ಬ್ಯಾಗಿನಲ್ಲಿ ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಮತ್ತು ದರ್ಜಿಯ ಟೇಪು ಇರಬೇಕು. ಕೊರಿಯರ್ ದರ ನಿಂತಿರುವುದು ಎರಡರ ಮೇಲೆ: ನಿಜವಾದ ತೂಕ ಮತ್ತು ಗಾತ್ರದ ತೂಕ. ಪಾರ್ಸೆಲ್‌ನ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಗುಣಿಸಿ, 5000ದಿಂದ ಭಾಗಿಸಿದರೆ ಗಾತ್ರದ ತೂಕ ಕೆಜಿಯಲ್ಲಿ ಬರುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ಸಾಮಾನ್ಯವಾಗಿ ಅರ್ಧ ಕೆಜಿಯ ಮೆಟ್ಟಿಲುಗಳು, 510 ಗ್ರಾಂ ಆದರೂ 1 ಕೆಜಿಯ ದುಡ್ಡು.

ಖಣದ ಕಟ್ಟನ್ನು ಪ್ಲಾಸ್ಟಿಕ್ ಕೊರಿಯರ್ ಕವರಿನಲ್ಲಿ ಹಾಕಿದರೆ 30×25×3 ಸೆಂ.ಮೀ. ಗುಣಿಸಿದರೆ 2,250. 5000ದಿಂದ ಭಾಗಿಸಿದರೆ 0.45 ಕೆಜಿ. ಅರ್ಧ ಕೆಜಿ ಮೆಟ್ಟಿಲಿನೊಳಗೇ ಬಂತು. ಅದನ್ನೇ ಚೆಂದ ಕಾಣಲಿ ಎಂದು 6 ಸೆಂ.ಮೀ. ಎತ್ತರದ ಗಿಫ್ಟ್ ಡಬ್ಬಿಯಲ್ಲಿಟ್ಟರೆ 0.9 ಕೆಜಿ. ಬಟ್ಟೆಯ ತೂಕ ಒಂದು ಗ್ರಾಂ ಕೂಡ ಹೆಚ್ಚಾಗಿಲ್ಲ, ಆದರೂ ಶಿಪ್ಪಿಂಗ್ ಒಂದು ಮೆಟ್ಟಿಲು ಮೇಲೇರಿತು. ಡಬ್ಬಿಯ ಬೆಲೆ ಬೇರೆ. ಮೇಲಿನ 60 ರೂಪಾಯಿ ಅಲ್ಲಿಗೆ ಅರ್ಧ ಕರಗಿದಂತೆ.

ಈಗ ಹಾಳೆ ತಟ್ಟೆ. 10 ಇಂಚಿನ 25 ತಟ್ಟೆಗಳು ಒಂದರೊಳಗೊಂದು ಕೂತರೂ ಡಬ್ಬಿ ಸುಮಾರು 27×27×18 ಸೆಂ.ಮೀ. ಆಗುತ್ತದೆ. ಅಂದರೆ ಗಾತ್ರದ ತೂಕ 2.62 ಕೆಜಿ, ಬಿಲ್ ಆಗುವುದು 3 ಕೆಜಿಗೆ. ತಕ್ಕಡಿಯಲ್ಲಿ ಇಟ್ಟರೆ ಡಬ್ಬಿ ಸೇರಿ 1 ಕೆಜಿಯೂ ಇರುವುದಿಲ್ಲ. ಹತ್ತರ ಕಟ್ಟು ಮಾಡಿದರೆ ಎತ್ತರ 9 ಸೆಂ.ಮೀ.ಗೆ ಇಳಿದು 1.31 ಕೆಜಿ ಬರುತ್ತದೆ. ಆಗ ಹತ್ತು ತಟ್ಟೆಗೆ ಒಂದೂವರೆ ಕೆಜಿಯ ಶಿಪ್ಪಿಂಗ್ ಕಟ್ಟಬೇಕು. ತಟ್ಟೆಯ ಅಸಲಿಗಿಂತ ಸಾಗಣೆಯೇ ದುಬಾರಿಯಾಗುವ ಸರಕಿದು. ಹೀಗಿದ್ದೂ ಇದನ್ನು ಮಾರಿ ಉಳಿಸುವವರಿದ್ದಾರೆ. ಅವರು ಸಣ್ಣ ದೊನ್ನೆ, 6 ಇಂಚಿನ ತಟ್ಟೆಗಳನ್ನು ಆಯ್ದುಕೊಂಡಿರುತ್ತಾರೆ, ಇಲ್ಲವೇ ಕೇಟರಿಂಗ್‌ನವರಿಗೆ ನೂರಿನ್ನೂರರ ಲೆಕ್ಕದಲ್ಲಿ ತಾಣದ ಹೊರಗೇ ಲಾರಿಯಲ್ಲಿ ಕಳಿಸುತ್ತಾರೆ.

ತೂಕದ ವಿಷಯದಲ್ಲಿ ಜಗಳ ಬರುವುದೂ ಸಾಮಾನ್ಯ. ಕೊರಿಯರ್‌ನವರ ಯಂತ್ರ ಉಬ್ಬಿದ ಕವರನ್ನು ಎತ್ತರವೆಂದೇ ಅಳೆಯುತ್ತದೆ. ಕವರಿನ ಗಾಳಿ ಒತ್ತಿ ತೆಗೆದು ಅಂಟಿಸಿ. ಪ್ರತಿ ಬಗೆಯ ಪಾರ್ಸೆಲ್‌ಗೂ ತಕ್ಕಡಿಯ ಮೇಲೆ ಲೇಬಲ್ ಕಾಣುವ ಹಾಗೆ ಒಂದು, ಟೇಪು ಹಿಡಿದು ಮೂರು ಫೋಟೊ ತೆಗೆದಿಡಿ. ಹೆಚ್ಚು ತೂಕಕ್ಕೆ ಬಿಲ್ ಬಂದಾಗ ದೂರಿನ ಜೊತೆ ಕೇಳುವುದು ಇವನ್ನೇ.

ಗಾಜು, ದ್ರವ, ಲಿಥಿಯಂ ಬ್ಯಾಟರಿ ಇರುವವು ಮೊದಲ ಸರಕಾಗಿ ಬೇಡ. ಒಡೆಯುತ್ತವೆ, ಸೋರುತ್ತವೆ, ವಿಮಾನದ ಸಾಗಣೆಯಲ್ಲಿ ನಿರ್ಬಂಧಕ್ಕೆ ಸಿಗುತ್ತವೆ. ಕಲ್ಲಿನ ಪಾತ್ರೆ, ಕಬ್ಬಿಣದ ಕಾವಲಿ ಹೆಸರು ಮಾಡಿರುವ ಸರಕುಗಳೇ. ಆದರೆ ಒಂದು ಬಿರುಕು ಬಿಡುತ್ತದೆ, ಇನ್ನೊಂದು ತಕ್ಕಡಿಯನ್ನೇ ಮುಳುಗಿಸುತ್ತದೆ.

ವಾಪಸ್ ಬರುವ ಪಾರ್ಸೆಲ್

ಹೋಗುವ ಶಿಪ್ಪಿಂಗ್ 70, ಹಿಂದೆ ಬರುವುದು 70, ಹರಿದ ಕವರಿನ ಬದಲಿಗೆ ಹೊಸದು 12. ಒಂದು ವಾಪಸ್‌ಗೆ 152 ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿ. ನೂರಕ್ಕೆ 8 ವಾಪಸ್ ಬಂದರೆ ಆ ನಷ್ಟ ಉಳಿದ 92ರ ಮೇಲೆ ಹಂಚಿ 13 ರೂಪಾಯಿ. ಮೇಲಿನ ಲೆಕ್ಕದಲ್ಲಿ ಬಂದದ್ದು ಇದೇ. ನೂರಕ್ಕೆ 25 ಬಂದರೆ ಪ್ರತಿ ಮಾರಾಟದ ಮೇಲೆ 51 ರೂಪಾಯಿ ಬೀಳುತ್ತದೆ, ಲಾಭ 22ಕ್ಕೆ ಇಳಿಯುತ್ತದೆ. 35 ಬಂದರೆ ಪ್ರತಿ ಮಾರಾಟಕ್ಕೂ 9 ರೂಪಾಯಿ ಕೈಯಿಂದ ಹೋಗುತ್ತದೆ. ಆರ್ಡರ್ ಹೆಚ್ಚಾದಷ್ಟೂ ನಷ್ಟ ಹೆಚ್ಚು ಎಂಬ ವಿಚಿತ್ರ ಸ್ಥಿತಿ ಇದು. ಡ್ಯಾಶ್‌ಬೋರ್ಡ್‌ನಲ್ಲಿ ಮಾರಾಟದ ಗೆರೆ ಮೇಲೇರುತ್ತಿರುವುದರಿಂದ ಎಷ್ಟೋ ಜನಕ್ಕೆ ಇದು ಗೊತ್ತೇ ಆಗುವುದಿಲ್ಲ.

ಆದ್ದರಿಂದ ಸರಕು ಆರಿಸುವಾಗ ಕೇಳಬೇಕಾದ ಪ್ರಶ್ನೆ: ಇದನ್ನು ಗ್ರಾಹಕ ಯಾಕೆ ವಾಪಸ್ ಕಳಿಸಬಹುದು? ಅಳತೆ ಹೊಂದುವುದಿಲ್ಲ ಎಂಬ ಕಾರಣವೇ ಎಲ್ಲಕ್ಕಿಂತ ದೊಡ್ಡದು. ಹೊಲಿದ ರವಿಕೆ, ಕುರ್ತಿ, ಚಪ್ಪಲಿ ಇದರಲ್ಲೇ ಸೋಲುತ್ತವೆ. ಹೊಲಿಯದ ಖಣದ ಬಟ್ಟೆಗೆ ಸೈಜೇ ಇಲ್ಲ, ಅದಕ್ಕೇ ಅದು ಒಳ್ಳೆಯ ಸರಕು. ಇನ್ನೊಂದು ಕಾರಣ ಮಾಡೆಲ್. ಮೊಬೈಲ್ ಕವರ್ ಹಗುರ, ಅಗ್ಗ, ಬೇಡಿಕೆಯೂ ಇದೆ. ಆದರೆ ಮಾಡೆಲ್‌ಗೊಂದು, ಬಣ್ಣಕ್ಕೊಂದು ಸರಕು ಇಡಬೇಕು. ಒಂದು ಮಾಡೆಲ್ ಹಳತಾದರೆ ಅದರ ಡಬ್ಬಿ ಹಾಗೇ ಕೂರುತ್ತದೆ. ಮೂರನೆಯದು ಫೋಟೊದಲ್ಲಿ ಕಂಡ ಬಣ್ಣಕ್ಕೂ ಕೈಗೆ ಬಂದ ಬಣ್ಣಕ್ಕೂ ಇರುವ ವ್ಯತ್ಯಾಸ. ಇದನ್ನು ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆದು, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ಬಣ್ಣ ಸರಿ ಮಾಡಿಕೊಂಡರೆ ಅರ್ಧ ತಗ್ಗಿಸಬಹುದು.

ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲಲ್ಲೇ ಬೇಡ ಎಂದು ಕಳಿಸುವುದು ಬೇರೆಯೇ ಬಗೆ. ಅದಕ್ಕೆ ಸರಕಿಗಿಂತ ಹೆಚ್ಚಾಗಿ ಪಾರ್ಸೆಲ್ ತಡವಾಗಿ ತಲುಪುವುದು ಕಾರಣ. ಆರ್ಡರ್ ಬಂದ ದಿನವೇ ಪಾರ್ಸೆಲ್ ಹೊರಟರೆ ಇದು ಕಡಿಮೆಯಾಗುತ್ತದೆ. ಈ ಬಗೆಯ ವಾಪಸ್‌ಗೆ ತಾಣ ಶುಲ್ಕ ಹಾಕುತ್ತದೋ ಇಲ್ಲವೋ ಎಂಬುದು ಒಂದೊಂದರಲ್ಲಿ ಒಂದೊಂದು ಥರ, ನಿಯಮ ಓದಿಕೊಳ್ಳಿ.

ಬೇಡಿಕೆ ಇದೆಯೋ ಇಲ್ಲವೋ

ಲೆಕ್ಕ ಕೂಡಿ ಬರುವ ಹತ್ತು ಸರಕುಗಳ ಪಟ್ಟಿ ಮಾಡಿಕೊಂಡ ಮೇಲೆ ಬೇಡಿಕೆ ಅಳೆಯಿರಿ. ಇದಕ್ಕೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳುವ ಅಗತ್ಯ ಮೊದಲಿಗೆ ಇಲ್ಲ.

ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿ ತೆರೆದು, ಲಾಗಿನ್ ಆಗದೆ, ನಿಮ್ಮ ಊರಿನ ಪಿನ್‌ಕೋಡ್ ಹಾಕಿ ಹುಡುಕಿ. ಆಮೇಲೆ ಪುಣೆ, ದೆಹಲಿಯ ಪಿನ್‌ಕೋಡ್ ಹಾಕಿ ಅದೇ ಹುಡುಕಾಟ ಮಾಡಿ. ಹುಡುಕುವ ಪೆಟ್ಟಿಗೆಯಲ್ಲಿ ಅರ್ಧ ಪದ ಬರೆದಾಗ ಕೆಳಗೆ ಇಳಿಯುವ ಸಾಲುಗಳನ್ನೆಲ್ಲ ಬರೆದುಕೊಳ್ಳಿ, ಜನ ನಿಜವಾಗಿ ಟೈಪ್ ಮಾಡುವುದು ಅವನ್ನೇ. ಖಣದ ವಿಷಯದಲ್ಲಿ ಇದು ಬಹಳ ಮುಖ್ಯ. ಗುಳೇದಗುಡ್ಡದ ಖಣವನ್ನು ಉಡುವವರು ಮಹಾರಾಷ್ಟ್ರದಲ್ಲೂ ಬಹಳ, ಅವರು ಅದನ್ನು ಖಣ್, ಖುಣ್ ಎಂದು ಬೇರೆ ಬೇರೆ ಕಾಗುಣಿತದಲ್ಲಿ ಹುಡುಕುತ್ತಾರೆ. ಲಿಸ್ಟಿಂಗ್‌ನಲ್ಲಿ (ತಾಣದಲ್ಲಿ ನಿಮ್ಮ ಸರಕಿನ ಪುಟ) ಆ ಪದಗಳಿಲ್ಲದಿದ್ದರೆ ಅರ್ಧ ಮಾರುಕಟ್ಟೆಗೆ ನಿಮ್ಮ ಸರಕು ಕಾಣುವುದೇ ಇಲ್ಲ. ಗೂಗಲ್ ಟ್ರೆಂಡ್ಸ್‌ನಲ್ಲಿ ಅದೇ ಪದ ಹಾಕಿ ಐದು ವರ್ಷದ ಗೆರೆ ನೋಡಿ. ಯಾವ ರಾಜ್ಯ, ಯಾವ ತಿಂಗಳು ಎಂಬುದು ತಿಳಿಯುತ್ತದೆ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ, ಗುಡಿ ಪಾಡ್ವಕ್ಕೆ ಅಲ್ಲಿನವರು ಏನು ಕೊಳ್ಳುತ್ತಾರೆ ಎಂಬುದರ ಸುಳಿವು ಅಲ್ಲೇ ಸಿಗುತ್ತದೆ.

ಹುಡುಕಾಟದಲ್ಲಿ ಬಂದ ಮೊದಲ ಇಪ್ಪತ್ತು ಸರಕುಗಳಿಗೆ ಒಂದು ಹಾಳೆ ಮಾಡಿ. ಅಂಕಣಗಳು: ಬೆಲೆ, ರಿವ್ಯೂ ಎಷ್ಟು, ಕಳೆದ ತಿಂಗಳು ಇಷ್ಟು ಜನ ಕೊಂಡರು ಎಂದು ಅಮೆಜಾನ್ ತೋರಿಸುವ ಸಂಖ್ಯೆ, ಬೆಸ್ಟ್ ಸೆಲ್ಲರ್ ರ‍್ಯಾಂಕ್, ಅದೇ ಲಿಸ್ಟಿಂಗ್‌ನಲ್ಲಿ ಎಷ್ಟು ಮಂದಿ ಮಾರುತ್ತಿದ್ದಾರೆ. ಹಾಳೆ ತುಂಬಿದ ಮೇಲೆ ಹೀಗೆ ಓದಿ. ಮೊದಲ ಮೂರಕ್ಕೆ ಮಾತ್ರ ಸಾವಿರಾರು ರಿವ್ಯೂ ಇದ್ದು, ಎಂಟನೆಯದರಿಂದ ಕೆಳಗೆ ಐವತ್ತು ನೂರರ ರಿವ್ಯೂ ಇದ್ದೂ ಮಾರಾಟವಾಗುತ್ತಿದ್ದರೆ ಹೊಸಬರಿಗೆ ಜಾಗ ಇದೆ. ಇಪ್ಪತ್ತಕ್ಕೂ ಸಾವಿರಾರು ಇದ್ದರೆ ಬಿಡಿ. ಇಪ್ಪತ್ತರಲ್ಲಿ ಯಾವುದಕ್ಕೂ ಮಾರಾಟವಿಲ್ಲದಿದ್ದರೆ ಪೈಪೋಟಿ ಇಲ್ಲ ಎಂದು ಹಿಗ್ಗಬೇಡಿ, ಕೊಳ್ಳುವವರೇ ಇಲ್ಲ. ಒಂದೇ ಲಿಸ್ಟಿಂಗ್ ಮೇಲೆ ಹತ್ತು ಮಂದಿ ಮಾರುತ್ತಿದ್ದರೆ ಅಲ್ಲಿ ನಡೆಯುವುದು ಬೆಲೆ ಇಳಿಸುವ ಜಿದ್ದು ಮಾತ್ರ. ಹೆಸರಾದ ಕಂಪನಿಗಳ ಸೋಪು, ಟೂತ್‌ಪೇಸ್ಟ್ ಮಾರಹೊರಟವರು ಸಿಕ್ಕಿಬೀಳುವುದು ಇಲ್ಲೇ. ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಹಾಕುವಂತಿಲ್ಲ, ಅಂಗಡಿಯವನಿಗೆ ಸಿಗುವ ಸಣ್ಣ ಕಮಿಷನ್ನನ್ನು ಕೊರಿಯರ್ ನುಂಗುತ್ತದೆ.

ಇವತ್ತಿನ ಬೆಲೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ಕೀಪಾ ಎಂಬ ತಾಣದಲ್ಲಿ ಅಮೆಜಾನ್ ಸರಕಿನ ಹಿಂದಿನ ಬೆಲೆಗಳ ಗೆರೆ ಕಾಣುತ್ತದೆ. ಹಬ್ಬದ ಸೇಲ್‌ನಲ್ಲಿ 499ರದ್ದು 349ಕ್ಕೆ ಇಳಿದು ಅಲ್ಲೇ ನಿಂತಿದೆಯೇ ನೋಡಿ. ಹಾಗಿದ್ದರೆ ನಿಮ್ಮ ಲೆಕ್ಕವನ್ನೂ 349ಕ್ಕೇ ಹಾಕಿ.

ಆಮೇಲೆ ರಿವ್ಯೂ ಓದುವ ಕೆಲಸ, ಒಂದು ಸಂಜೆ ಪೂರ್ತಿ ಬೇಕು. ಐದು ಸ್ಟಾರ್‌ನವನ್ನು ಬಿಡಿ. ಒಂದರಿಂದ ಮೂರು ಸ್ಟಾರ್‌ನ ನೂರು ರಿವ್ಯೂ ಓದಿ, ದೂರುಗಳಿಗೆ ಗೀಟು ಹಾಕುತ್ತಾ ಹೋಗಿ. ರವಿಕೆ ಬಟ್ಟೆಯಲ್ಲಿ ನೀವು ಮೊದಲು ಹುಡುಕಬೇಕಾದ ದೂರುಗಳು ಎರಡು: ತೋಳಿಗೆ ಬಟ್ಟೆ ಸಾಲಲಿಲ್ಲ, ಬಣ್ಣ ಬಿಟ್ಟಿತು. ಮೊದಲನೆಯದಕ್ಕೆ 80 ಸೆಂ.ಮೀ. ಬದಲು ಪೂರ್ತಿ 1 ಮೀಟರ್ ಕತ್ತರಿಸಿ, ಬಟ್ಟೆಯ ಪನ್ನವನ್ನೂ ಸೇರಿಸಿ ಮೊದಲ ಫೋಟೊದಲ್ಲೇ ಬರೆಯುವುದು ಪರಿಹಾರ. ಎರಡನೆಯದಕ್ಕೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ: ಎರಡು ಇಂಚಿನ ತುಂಡು ಕತ್ತರಿಸಿ, ಬಿಳಿ ಹತ್ತಿ ಬಟ್ಟೆಯ ನಡುವೆ ಸುತ್ತಿ, ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. ಬಿಳಿ ಬಟ್ಟೆ ಕೆಂಪಾದರೆ ಆ ಲಾಟು ಬೇಡ. ಕೆಂಪು, ನೇರಳೆ, ಕಡು ಹಸಿರನ್ನು ಪ್ರತಿ ಹೊಸ ಲಾಟಿನಲ್ಲೂ ಪರೀಕ್ಷಿಸಬೇಕು. ಹಿಂದಿನ ಸಲ ಸರಿಯಿತ್ತು ಎಂದರೆ ಈ ಸಲವೂ ಸರಿ ಎಂದಲ್ಲ. ಹಾಳೆ ತಟ್ಟೆಯಲ್ಲಿ ದೂರು ಬೂಷ್ಟಿನದು. ಮಳೆಗಾಲದಲ್ಲಿ ಪೂರ್ತಿ ಒಣಗದ ತಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಒಳಗಿನ ತೇವಕ್ಕೆ ಕಪ್ಪು ಚುಕ್ಕೆ ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಕಾಗುವ ಸರಕನ್ನು ಬೇಸಿಗೆಯಲ್ಲೇ ಒತ್ತಿಸಿ ಒಣ ಜಾಗದಲ್ಲಿ ಇಟ್ಟುಕೊಂಡವರು ಇದರಿಂದ ಪಾರಾಗುತ್ತಾರೆ.

ಕಾಗದಪತ್ರ ಕೇಳುವ ಸರಕುಗಳು

ಸರಕು ಚೆನ್ನಾಗಿದ್ದೂ ಲಿಸ್ಟಿಂಗ್ ಕಿತ್ತುಹೋಗುವುದು ಕಾಗದ ಇಲ್ಲದ್ದಕ್ಕೆ. ಕೊಳ್ಳುವ ಮೊದಲು ನೋಡಬೇಕಾದವು ಇವು.

ಜಿಎಸ್‌ಟಿ: 2023ರ ಅಕ್ಟೋಬರ್ 1ರಿಂದ ವಾರ್ಷಿಕ ವಹಿವಾಟು ಮಿತಿಯೊಳಗಿರುವ (ಕರ್ನಾಟಕದಲ್ಲಿ ಸರಕಿಗೆ 40 ಲಕ್ಷ) ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೇ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಆನ್‌ಲೈನ್ ತಾಣದಲ್ಲಿ ಮಾರಬಹುದು. ಷರತ್ತು ಏನೆಂದರೆ ರಾಜ್ಯದೊಳಗೆ ಮಾತ್ರ. ಇದು ಸರಕಿನ ಆಯ್ಕೆಯನ್ನೇ ಬದಲಿಸುತ್ತದೆ. ನೋಂದಣಿ ಇಲ್ಲದವರಿಗೆ ಪುಣೆಯ ಖಣದ ಗಿರಾಕಿ ಸಿಗುವುದಿಲ್ಲ. ಅಂಥವರು ಕರ್ನಾಟಕದಲ್ಲೇ ಕೊಳ್ಳುವವರು ಸಾಕಷ್ಟಿರುವ ಸರಕು ನೋಡಬೇಕು: ವರಮಹಾಲಕ್ಷ್ಮಿಯ ಅಮ್ಮನವರ ಮುಖ ಮತ್ತು ಅಲಂಕಾರದ ಸಾಮಾನು, ಗೌರಿ ಹಬ್ಬದ ಬಾಗಿನದ ಮೊರ, ಕನ್ನಡ ಅಂಕಿಯ ಗೋಡೆ ಗಡಿಯಾರ, ಮನೆ ಹೆಸರಿನ ಫಲಕ.

ದರದ ಮೆಟ್ಟಿಲು: 2025ರ ಸೆಪ್ಟೆಂಬರ್ 22ರಿಂದ 12% ಮತ್ತು 28%ರ ಹಂತಗಳು ಹೋಗಿ ಹೆಚ್ಚಿನ ಸರಕುಗಳು 5% ಅಥವಾ 18%ರಲ್ಲಿವೆ. ಸಿದ್ಧ ಉಡುಪಿಗೆ ಒಂದಕ್ಕೆ ತೆರಿಗೆಗೆ ಮೊದಲಿನ ಬೆಲೆ 2,500 ರೂಪಾಯಿ ತನಕ 5%, ಅದಕ್ಕಿಂತ ಮೇಲಾದರೆ 18%. ಹಾಗಾಗಿ 2,500ರ ಉಡುಪು ತೆರಿಗೆ ಸೇರಿ 2,625ಕ್ಕೆ ಹೋಗುತ್ತದೆ, 2,501ರದ್ದು 2,951 ಆಗುತ್ತದೆ. 2,625 ಮತ್ತು 2,951ರ ನಡುವಿನ ಬೆಲೆಗೆ ಉಡುಪು ಇಡಬೇಡಿ.

ಆಟಿಕೆ: 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಕನ್ನಡ ಅಕ್ಷರಮಾಲೆಯ ಮರದ ಬಿಲ್ಲೆಗಳು ಎಷ್ಟೇ ಚೆನ್ನಾಗಿದ್ದರೂ ಆಟಿಕೆಯೆಂದು ಮಾರಿದರೆ ಈ ನಿಯಮಕ್ಕೆ ಒಳಪಡುತ್ತವೆ. ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವವಕ್ಕೂ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆ ಮಾರುವವರು ಆ ದಾಖಲೆಗಳ ಪ್ರತಿಯನ್ನು ತಯಾರಕರಿಂದಲೇ ಮೊದಲು ಪಡೆದುಕೊಳ್ಳಬೇಕು. ಪ್ರೆಶರ್ ಕುಕ್ಕರ್, ಹೆಲ್ಮೆಟ್, ಮೊಬೈಲ್ ಚಾರ್ಜರ್‌ಗಳಿಗೂ ಬಿಐಎಸ್ ಬೇಕು. ಗುರುತಿಲ್ಲದ ಕುಕ್ಕರ್ ಮಾರಾಟಕ್ಕೆ ಬಿಟ್ಟದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ತಾಣಕ್ಕೇ ದಂಡ ಹಾಕಿತ್ತು. ಆಮೇಲೆ ಸಂಶಯ ಬಂದರೆ ಸಾಕು, ತಾಣಗಳು ಲಿಸ್ಟಿಂಗ್ ತೆಗೆದುಹಾಕುತ್ತವೆ.

ತಿನ್ನುವ ಸರಕು: ಬ್ಯಾಡಗಿ ಮೆಣಸಿನ ಪುಡಿಯೋ, ಕೊಡಗಿನ ಕಾಫಿ ಪುಡಿಯೋ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆ ಇಲ್ಲದೆ ಆಗುವುದಿಲ್ಲ. ಅದರ ಜೊತೆಗೆ ಬಾಳಿಕೆಯ ಪ್ರಶ್ನೆ. ಗ್ರಾಹಕನಿಗೆ ತಲುಪುವಾಗ ಬಾಳಿಕೆಯಲ್ಲಿ 30% ಅಥವಾ 45 ದಿನ ಉಳಿದಿರಬೇಕು ಎಂದು ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ತಾಣಗಳಿಗೆ ಹೇಳಿದೆ. ಎರಡು ತಿಂಗಳಷ್ಟೇ ಬಾಳುವ ಕುರುಕಲು ತಿಂಡಿಯನ್ನು ತಾಣದ ಗೋಡೌನಿಗೆ ಕಳಿಸಿದರೆ ಅರ್ಧ ಸರಕು ಅಲ್ಲೇ ಕಸವಾಗಬಹುದು.

ಲೇಬಲ್: ಪೊಟ್ಟಣ ಮಾಡಿ ಮಾರುವ ಯಾವುದೇ ಸರಕಿನ ಮೇಲೆ ತಯಾರಕ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ಸರಕಿನ ಹೆಸರು, ಪ್ರಮಾಣ, ತಯಾರಿಸಿದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಸಂಪರ್ಕ ಇರಬೇಕು. ವಿದೇಶದ್ದಾದರೆ ದೇಶದ ಹೆಸರೂ ಬೇಕು.

ಹೆಸರಿನ ವಿಷಯದಲ್ಲೂ ಎಚ್ಚರ. ಪವರ್‌ಲೂಮ್ ಬಟ್ಟೆಯನ್ನು ಗುಳೇದಗುಡ್ಡದ ಕೈಮಗ್ಗದ ಖಣ ಎಂದು ಬರೆದರೆ ಅದು ನೇಕಾರರಿಗೆ ಮಾಡುವ ದ್ರೋಹ. ದೂರು ಬಂದಾಗ ಲಿಸ್ಟಿಂಗ್ ಹೋಗುವುದರ ಜೊತೆ ಖಾತೆಯೂ ಹೋಗಬಹುದು. ಪವರ್‌ಲೂಮ್ ಖಣ ಎಂದೇ ಬರೆಯಿರಿ, ಆ ಬೆಲೆಗೆ ಕೊಳ್ಳುವವರಿಗೆ ಅದು ಗೊತ್ತಿರುತ್ತದೆ. ಕಾರ್ಟೂನ್ ಚಿತ್ರದ ಟೀ ಶರ್ಟ್, ಸಿನಿಮಾ ನಟರ ಫೋಟೊದ ಕೀ ಚೈನ್‌ಗೂ ಹಕ್ಕಿನ ತಕರಾರು ಬರುತ್ತದೆ.

ವಿದೇಶಕ್ಕೆ ಕಳಿಸುವ ಆಸೆ ಇದ್ದರೆ ಆ ದೇಶದ ನಿಯಮ ಬೇರೆ. ಅಡಿಕೆ ಹಾಳೆ ತಟ್ಟೆಗೆ ಅಮೆರಿಕ ಒಳ್ಳೆಯ ಮಾರುಕಟ್ಟೆಯಾಗಿತ್ತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ಹಾನಿಕರ ರಾಸಾಯನಿಕಗಳು ಊಟಕ್ಕೆ ಸೇರಬಹುದೆಂದು 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಆಮದಿಗೆ ಅಡ್ಡಗಟ್ಟಿತು.

ಎಲ್ಲಿಂದ, ಎಷ್ಟು

ಬೆಂಗಳೂರಿನಲ್ಲಿ ಬಟ್ಟೆಗೆ ಚಿಕ್ಕಪೇಟೆ, ಎಲೆಕ್ಟ್ರಾನಿಕ್ಸ್‌ಗೆ ಎಸ್‌ಪಿ ರಸ್ತೆ, ಫ್ಯಾನ್ಸಿ ಸಾಮಾನಿಗೆ ಮಾಮೂಲ್‌ಪೇಟೆ ಎಲ್ಲರಿಗೂ ಗೊತ್ತು. ಅಲ್ಲಿ ಸಿಗುವುದು ಇನ್ನೂ ಐನೂರು ಮಂದಿಗೆ ಸಿಗುತ್ತದೆ ಎಂಬುದೂ ಗೊತ್ತಿರಲಿ. ಮೊದಲ ಲಾಟಿಗೆ ಅಲ್ಲಿಂದಲೇ ತನ್ನಿ, ದರ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ, ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಸರಕು ಓಡುತ್ತದೆ ಎಂದು ಖಾತ್ರಿಯಾದ ಮೇಲೆ ಮೂಲಕ್ಕೆ ಹೋಗಿ: ಖಣಕ್ಕೆ ಗುಳೇದಗುಡ್ಡ, ಸೀರೆಗೆ ಇಳಕಲ್ ಅಥವಾ ಮೊಳಕಾಲ್ಮೂರು, ಹಾಳೆ ತಟ್ಟೆಗೆ ದಕ್ಷಿಣ ಕನ್ನಡ, ಶಿವಮೊಗ್ಗದ ಒತ್ತುವ ಘಟಕಗಳು.

ಅಂಗಡಿಯವರಲ್ಲಿ ಕೇಳಬೇಕಾದದ್ದು: ಜಿಎಸ್‌ಟಿ ಬಿಲ್ ಕೊಡುತ್ತೀರಾ, ಇದೇ ಬಣ್ಣ ಇದೇ ವಿನ್ಯಾಸ ಮುಂದಿನ ತಿಂಗಳೂ ಸಿಗುತ್ತದಾ, ಹಾಳಾದದ್ದಕ್ಕೆ ಬದಲಿ ಕೊಡುತ್ತೀರಾ. ಎರಡನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ಫೋಟೊ ತೆಗೆದು, ಲಿಸ್ಟಿಂಗ್ ಮಾಡಿ, ಹದಿನೈದು ರಿವ್ಯೂ ಬಂದ ಹೊತ್ತಿಗೆ ಆ ವಿನ್ಯಾಸವೇ ನಿಂತುಹೋದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೊದಲ ಲಾಟು 30ರಿಂದ 50 ಕಟ್ಟು ಸಾಕು, ಬಣ್ಣ ನಾಲ್ಕಕ್ಕಿಂತ ಹೆಚ್ಚು ಬೇಡ. 40 ಕಟ್ಟಿಗೆ 210ರಂತೆ 8,400. ಕೈಯಲ್ಲಿ ಅಷ್ಟೇ ದುಡ್ಡು ಇನ್ನೂ ಇರಬೇಕು, ಏಕೆಂದರೆ ಪಾರ್ಸೆಲ್ ತಲುಪಿ, ತಾಣ ನಿಮಗೆ ಹಣ ಹಾಕುವಷ್ಟರಲ್ಲಿ ಮುಂದಿನ ಲಾಟು ಕೊಳ್ಳುವ ಹೊತ್ತು ಬಂದಿರುತ್ತದೆ. ಲೋಗೋ, ಅಚ್ಚು ಹಾಕಿಸಿದ ಡಬ್ಬಿ, ಸ್ವಂತ ಬ್ರ್ಯಾಂಡಿನ ಚೀಟಿ, ಇವೆಲ್ಲ ಕೂಸು ಹುಟ್ಟುವ ಮೊದಲಿನ ಕುಲಾವಿ.

ನಾಲ್ಕು ವಾರದ ಪರೀಕ್ಷೆ

ಲಿಸ್ಟಿಂಗ್ ಹಾಕಿ ಮೊದಲ ವಾರ ಜಾಹೀರಾತಿಲ್ಲದೆ ಬಿಡಿ. ಎರಡನೆಯ ವಾರದಿಂದ ದಿನಕ್ಕೆ 150–200 ರೂಪಾಯಿಯ ಮಿತಿ ಹಾಕಿ ಜಾಹೀರಾತು ಓಡಿಸಿ. ಒಂದು ಕ್ಲಿಕ್‌ಗೆ 3 ರೂಪಾಯಿ ಬಿದ್ದು, ಹತ್ತು ಕ್ಲಿಕ್‌ಗೆ ಒಂದು ಮಾರಾಟವಾದರೆ ಜಾಹೀರಾತಿನ ಖರ್ಚು ಪೀಸಿಗೆ 30, ನಮ್ಮ ಲೆಕ್ಕದಲ್ಲಿ ಹಿಡಿದಷ್ಟೇ. ಇಪ್ಪತ್ತೈದು ಕ್ಲಿಕ್ ಬೇಕಾದರೆ 75 ಆಗುತ್ತದೆ, ಉಳಿಯುವುದು 15. ಕ್ಲಿಕ್ ಬರುತ್ತಿದೆ, ಮಾರಾಟವಿಲ್ಲ ಎಂದರೆ ತಪ್ಪು ಬೆಲೆಯಲ್ಲೋ ಒಳಗಿನ ಫೋಟೊಗಳಲ್ಲೋ ಇದೆ. ಕ್ಲಿಕ್ಕೇ ಬರುತ್ತಿಲ್ಲ ಎಂದರೆ ಮೊದಲ ಫೋಟೊ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದು, ವಾರಕ್ಕೊಂದರಂತೆ ಬದಲಿಸಿ.

ವಾಪಸ್‌ಗೆ ಅವಧಿ ಇರುವುದರಿಂದ ಲೆಕ್ಕವನ್ನು ನಾಲ್ಕನೆಯ ವಾರಕ್ಕೇ ಮುಚ್ಚಬೇಡಿ, ಇನ್ನೊಂದು ಎರಡು ವಾರ ಕಾಯಿರಿ. ಆಮೇಲೆ ತಾಣದ ಪೇಮೆಂಟ್ ರಿಪೋರ್ಟ್ ಇಳಿಸಿಕೊಂಡು ಮೊದಲು ಮಾಡಿದ ಹಾಳೆಯ ಪಕ್ಕದಲ್ಲಿಡಿ. ಅಂದಾಜಿಗೂ ನಿಜಕ್ಕೂ ಹೆಚ್ಚು ಅಂತರ ಬಂದಿರುವುದು ಸಾಮಾನ್ಯವಾಗಿ ಶಿಪ್ಪಿಂಗ್ ಸಾಲಿನಲ್ಲಿ. ದೂರದ ಊರುಗಳ ಆರ್ಡರ್‌ಗಳಿಗೆ ದರ ಹೆಚ್ಚು. ಪೀಸಿಗೆ 50 ರೂಪಾಯಿಗಿಂತ ಹೆಚ್ಚು ಉಳಿದಿದ್ದು, ವಾಪಸ್ ನೂರಕ್ಕೆ 10ರ ಒಳಗಿದ್ದರೆ ಎರಡನೆಯ ಲಾಟಿಗೆ ನೂರು ಕಟ್ಟು ತನ್ನಿ. ವಾಪಸ್ 20 ದಾಟಿದ್ದರೆ ಇನ್ನಷ್ಟು ತರುವ ಮೊದಲು ಕಾರಣ ಹುಡುಕಿ. ಒಂದೇ ಬಣ್ಣದಿಂದ ಎಲ್ಲ ವಾಪಸ್ ಬಂದಿರುವುದೂ ಉಂಟು, ಆ ಬಣ್ಣ ಬಿಟ್ಟರೆ ಸರಕು ಸರಿಹೋಗುತ್ತದೆ. ಉಳಿದದ್ದು 20 ರೂಪಾಯಿಯ ಆಸುಪಾಸಿನಲ್ಲಿದ್ದರೆ ಮಿಕ್ಕ ಕಟ್ಟುಗಳನ್ನು ಅಸಲಿಗೆ ಮಾರಿ, ಪಟ್ಟಿಯ ಎರಡನೆಯ ಸರಕಿಗೆ ಹೋಗಿ.

ಹಬ್ಬದ ಸರಕಾದರೆ ಈ ನಾಲ್ಕು ವಾರವನ್ನು ಹಬ್ಬದ ಹಿಂದಿನಿಂದ ಎಣಿಸಬೇಕು. ವರಮಹಾಲಕ್ಷ್ಮಿಯ ಅಲಂಕಾರದ ಸಾಮಾನಿಗೆ ಹುಡುಕಾಟ ಹಬ್ಬಕ್ಕೆ ಮೂರ್ನಾಲ್ಕು ವಾರ ಮೊದಲೇ ಏರುತ್ತದೆ. ಹಬ್ಬದ ದಿನ ತಲುಪದ ಪಾರ್ಸೆಲ್ ಪೂರ್ತಿ ವಾಪಸ್. ಆದ್ದರಿಂದ ಹಬ್ಬಕ್ಕೆ ಎರಡು ತಿಂಗಳ ಮೊದಲು ಸ್ಯಾಂಪಲ್, ಆರು ವಾರ ಮೊದಲು ಲಿಸ್ಟಿಂಗ್, ಐದು ದಿನ ಇರುವಾಗ ದೂರದ ಊರುಗಳ ಆರ್ಡರ್ ಬಂದ್. ತಾರೀಖನ್ನು ಈ ವರ್ಷದ ಪಂಚಾಂಗದಲ್ಲೇ ನೋಡಿ. ಅಧಿಕ ಮಾಸ ಬಂದ ವರ್ಷ ಹಬ್ಬ ಹೆಚ್ಚುಕಡಿಮೆ ಮೂರು ವಾರ ಮುಂದಕ್ಕೆ ಹೋಗಿರುತ್ತದೆ.